ನಮ್ಮ ಎಂಪಿ ಏನ್ ಮಾಡಿದಾರೆ ಅಂತ ನೋಡೋದು ಹೇಗೆ

ಮೊದ್ಲು ಕ್ಷೇತ್ರ ಸರಿ ಹಾಕಿ. ಮಡಿಕೇರಿ, ವಿರಾಜಪೇಟೆ 2009ರ ಎಲೆಕ್ಷನ್‌ನಿಂದ ಮೈಸೂರು ಲೋಕಸಭೆಗೆ ಬರುತ್ತೆ, ಅದಕ್ಕೆ ಮುಂಚೆ ಮಂಗಳೂರು, ಅದಕ್ಕೇ ನಮ್ಮ ಕೊಡಗಿನ ಹಳೇ ರಾಜಕಾರಣಿ ಸಿ.ಎಂ. ಪೂಣಚ್ಚನವರನ್ನ ಕೊಡಗು ಕ್ಷೇತ್ರ ಅಂತ ಹುಡುಕಿದ್ರೆ ಸಿಗಲ್ಲ, 1967ರಲ್ಲಿ ಗೆದ್ದಿದ್ದು ಮಂಗಳೂರಿಂದ, ಆಮೇಲೆ ರೈಲ್ವೆ ಮಂತ್ರಿ (ನಮ್ಮೂರಿಗೆ ರೈಲು ಇನ್ನೂ ಬಂದಿಲ್ಲ ಬಿಡಿ). ರಾಜ್ಯಸಭೆ ಪಟ್ಟಿನೂ ನೋಡಿ, ಅವರು ಅಲ್ಲೂ ಇದ್ರು.

ಈಗಿನವರದ್ದಾದ್ರೆ ಸಂಸತ್ ವೆಬ್‌ಸೈಟಲ್ಲಿ ಹೆಸರು ಒತ್ತಿ, ಓದು, ಸಮಿತಿ, ಕೇಳಿದ ಪ್ರಶ್ನೆ ಎಲ್ಲಾ ಬರುತ್ತೆ. ಹಾಜರಿ ಒಂದನ್ನೇ ನೋಡಿ ಬೈಬೇಡಿ, ಮಂತ್ರಿಗಳು ಹಾಜರಿ ಪುಸ್ತಕಕ್ಕೆ ಸೈನ್ ಹಾಕಲ್ಲ. ಪ್ರಶ್ನೆ ಓದಿ, ಕಾಫಿ, ಆನೆ ಹಾವಳಿ ಬಗ್ಗೆ ಏನಾದ್ರೂ ಕೇಳಿದಾರಾ ಅಂತ. ಆಸ್ತಿ, ಕೇಸು ಬೇಕಂದ್ರೆ ಚುನಾವಣಾ ಆಯೋಗದಲ್ಲಿರೋ ಅಫಿಡವಿಟ್ ತೆಗೀರಿ. ವರ್ಷಕ್ಕೆ 5 ಕೋಟಿ ಸಂಸದರ ನಿಧಿ ಎಲ್ಲಿ ಹೋಯ್ತು ಅನ್ನೋದಕ್ಕೆ ಆರ್‌ಟಿಐ ಹಾಕಿ.