ಫುಡ್ ಬ್ಯಾಂಕಿನಲ್ಲಿ ಹಾಲಿನ ಕಾರ್ಡ್: ನನ್ನ ಅನುಭವ

ಫುಡ್ ಬ್ಯಾಂಕ್ ಅಂದರೆ ಅಕ್ಕಿ, ಬೇಳೆ, ಎಣ್ಣೆ. ತಿಂಗಳಿಗೊಮ್ಮೆ ಕಿಟ್ ಕಟ್ಟಿ ಕೊಟ್ಟರೆ ಮುಗೀತು. ಹಾಲು ಆ ಲೆಕ್ಕಕ್ಕೆ ಸಿಗುವುದಿಲ್ಲ. ದಿನಾ ಬೇಕು, ದಿನಾ ಕೆಡುತ್ತದೆ. ಮಾಗಡಿ ರಸ್ತೆ ಹಿಂದಿನ ಗಲ್ಲಿಗಳಲ್ಲಿ ನಾವು ಕಿಟ್ ಕೊಡುವ ಮನೆಗಳು ಹೆಚ್ಚಿನವು ಒಂದೇ ರೂಮಿನವು. ಫ್ರಿಜ್ ಇಲ್ಲ. ಒಂದೇ ಸಲ ಮೂರು ಲೀಟರ್ ಕೊಟ್ಟರೆ ಅವರೇನು ಮಾಡಬೇಕು? ಅವತ್ತೇ ಪಾಯಸ ಮಾಡಬೇಕು, ಇಲ್ಲ ಅಕ್ಕಪಕ್ಕದವರಿಗೆ ಹಂಚಬೇಕು.

ಹಾಲಿನ ಕೆಲಸ ನನ್ನ ಪಾಲಿಗೆ ಬಂದಾಗ ದಾನಿಯೊಬ್ಬರು ದೊಡ್ಡ ಫ್ರೀಜರ್ ಕೊಡಿಸಲು ತಯಾರಾಗಿದ್ದರು. ನಾನು ಬೇಡ ಅಂದೆ. ಫ್ರೀಜರ್ ಬಂದರೆ ಕರೆಂಟ್ ಬಿಲ್, ಯುಪಿಎಸ್, ಬೆಳಗಿನ ಜಾವ ಬಾಗಿಲು ತೆಗೆಯಲು ಒಬ್ಬರು, ಎಲ್ಲಾ ಹಿಂದೆಯೇ ಬರುತ್ತವೆ. ಬೆಂಗಳೂರಿನಲ್ಲಿ ಕತ್ತಲು ಕರಗುವ ಮೊದಲೇ ಬೀದಿ ಬೀದಿಗೆ ಹಾಲಿನ ವ್ಯಾನ್ ಬಂದು ಕ್ರೇಟ್ ಇಳಿಸಿ ಹೋಗುತ್ತದೆ. ತಣ್ಣಗಿರುವ ಹಾಲು ಆಗಲೇ ಮನೆ ಹತ್ತಿರಕ್ಕೆ ಬರುತ್ತಿರುವಾಗ ಅದನ್ನು ನಮ್ಮ ಗೋಡೌನಿಗೆ ತಂದು ಮತ್ತೆ ಹಂಚುವುದು ಸುಮ್ನೆ ತಲೆನೋವು, ಅಲ್ವಾ? ನಾವು ಹಾಲನ್ನು ಮುಟ್ಟುವುದೇ ಬೇಡ ಅಂತ ತೀರ್ಮಾನಿಸಿದೆವು.

ಅದರ ಬದಲು ಕಾರ್ಡ್ ಮಾಡಿಸಿದೆವು. ಅಂಗೈಯಗಲದ ದಪ್ಪ ರಟ್ಟು, ಹಿಂದೆ ತಿಂಗಳ ಅಷ್ಟೂ ತಾರೀಖಿನ ಚೌಕಗಳು. ಬೆಳಗ್ಗೆ ಮನೆ ಹತ್ತಿರದ ಹಾಲಿನ ಬೂತಿನಲ್ಲಿ ಕಾರ್ಡ್ ತೋರಿಸಿದರೆ ಅರ್ಧ ಲೀಟರ್ ನೀಲಿ ಪ್ಯಾಕೆಟ್. ಅಂಗಡಿಯವರು ಅವತ್ತಿನ ಚೌಕಕ್ಕೆ ಪೆನ್ನಿನಲ್ಲಿ ಗೀಟು ಹಾಕುತ್ತಾರೆ. ನಿನ್ನೆಯ ಚೌಕಕ್ಕೆ ಇವತ್ತು ಹಾಲಿಲ್ಲ. ಈ ಒಂದು ನಿಯಮದ ಬಗ್ಗೆ ನಾನು ಹಟ ಹಿಡಿದೆ. ತಾರೀಖಿಲ್ಲದ ಚೀಟಿಯಾದರೆ ನಾಲ್ಕೈದು ಒಟ್ಟಿಗೆ ಕೊಟ್ಟು ಬಿಸ್ಕತ್ತೋ, ಬೀಡಿಯೋ ತಗೊಳ್ಳಲು ದಾರಿಯಾಗುತ್ತದೆ. ಕೊಡುವ ಅಂಗಡಿಗಳೂ ಇರುತ್ತವೆ. ಮೊಸರಿಗೆ ಮಾತ್ರ ಅಡ್ಡಿಯಿಲ್ಲ. ವಯಸ್ಸಾದ ಎಷ್ಟೋ ಜನಕ್ಕೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಮೊಸರಾದರೆ ಒಗ್ಗುತ್ತದೆ.

ಬೂತಿನವರನ್ನು ಒಪ್ಪಿಸುವುದೇ ನಿಜವಾದ ಕೆಲಸ. ಅವರು ನಾಳೆಯ ಹಾಲಿಗೆ ಇವತ್ತೇ ಇಂಡೆಂಟ್ ಹಾಕಬೇಕು, ಅಂದರೆ ಎಷ್ಟು ಬೇಕು ಅಂತ ಮೊದಲೇ ಹೇಳಬೇಕು, ದುಡ್ಡೂ ಮೊದಲೇ ಕಟ್ಟಬೇಕು. "ತಿಂಗಳ ಕೊನೆಗೆ ಸೆಟಲ್ ಮಾಡ್ತೀವಿ ಅಣ್ಣ" ಅಂದರೆ ಯಾರು ಕೇಳುತ್ತಾರೆ? ನಾವು ವಾರದ ದುಡ್ಡು ಅಡ್ವಾನ್ಸ್ ಕೊಡುತ್ತೇವೆ. ಅವರ ಕಮಿಷನ್ ಅವರಿಗೆ ಸಿಗುತ್ತದೆ. ಕಾರ್ಡಿನವರು ಬರದೇ ಉಳಿದ ಪ್ಯಾಕೆಟ್ ಬೇರೆಯವರಿಗೆ ಮಾರಿಕೊಳ್ಳಬಹುದು, ಆ ದುಡ್ಡು ನಮ್ಮ ಲೆಕ್ಕಕ್ಕೆ ಜಮಾ. ತಿಂಗಳ ಕೊನೆಗೆ ಗೀಟಿಲ್ಲದ ಚೌಕ ಎಣಿಸಿದರೆ ಇನ್ನೆಷ್ಟು ಮನೆ ಸೇರಿಸಬಹುದು ಅಂತ ಗೊತ್ತಾಗುತ್ತದೆ. ಸತತವಾಗಿ ಚೌಕ ಖಾಲಿ ಇದ್ದರೆ ಹೋಗಿ ನೋಡುತ್ತೇವೆ. ಹೆಚ್ಚಾಗಿ ಊರಿಗೆ ಹೋಗಿರುತ್ತಾರೆ. ಕೆಲವೊಮ್ಮೆ ಬೆಳಗ್ಗೆ ಐದಕ್ಕೇ ಮನೆಗೆಲಸಕ್ಕೆ ಹೊರಡುವ ಅಮ್ಮಂದಿರು, ಬೂತಿಗೆ ಹೋಗಲು ಮನೆಯಲ್ಲಿ ಯಾರೂ ಇರುವುದಿಲ್ಲ. ಅಂಥವರ ಪ್ಯಾಕೆಟ್ ಸಂಜೆವರೆಗೆ ಫ್ರಿಜ್ಜಿನಲ್ಲಿ ಇಡಿ ಅಂತ ಬೂತಿನವರಿಗೆ ಮೊದಲೇ ಹೇಳಿಡಬೇಕು.

ದಾನಿಗಳ ಹತ್ತಿರ ನಾನು ರೂಪಾಯಿ ಲೆಕ್ಕ ಮಾತಾಡುವುದಿಲ್ಲ. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್ಟಿಗೆ 50 ಮಿಲಿ ಸೇರಿಸಿ 2 ರೂಪಾಯಿ ಏರಿಸಿದರು. 2025ರ ಏಪ್ರಿಲ್‌ನಲ್ಲಿ ಆ 50 ಮಿಲಿ ತೆಗೆದು ಲೀಟರಿಗೆ 4 ರೂಪಾಯಿ ಏರಿಸಿದರು. ನೀವು ಇಷ್ಟು ಕಾರ್ಡ್ ನೋಡಿಕೊಳ್ಳಿ ಅಂದರೆ ಬೆಲೆ ಏರಿದಾಗ ಮತ್ತೆ ಕೈಚಾಚುವ ಮುಜುಗರ ಇರುವುದಿಲ್ಲ. ನಾಗರ ಪಂಚಮಿಗೆ, ಮಕ್ಕಳ ಬರ್ತ್‌ಡೇಗೆ ಕ್ರೇಟ್‌ಗಟ್ಟಲೆ ಹಾಲು ತಂದು ಹಂಚಿ ಫೋಟೋ ತೆಗೆಸಿಕೊಳ್ಳುವವರಿಗೂ ಇದನ್ನೇ ಹೇಳುತ್ತೇನೆ. ಹುತ್ತಕ್ಕೆ ಎರೆಯುವ ಬದಲು ಮಕ್ಕಳಿಗೆ ಕೊಡುವುದು ಒಳ್ಳೆಯದೇ. ಆದರೆ ಅವತ್ತು ಎಲ್ಲರೂ ಕೊಡುತ್ತಾರೆ, ಮಾರನೇ ದಿನ ಯಾರೂ ಇರುವುದಿಲ್ಲ.

ಯಾರಿಗೆ ಕೊಡಬೇಕು ಅನ್ನುವುದಕ್ಕೆ ಸರ್ಕಾರದ ಕ್ಷೀರಭಾಗ್ಯವನ್ನು ಎದುರಿಗಿಟ್ಟುಕೊಂಡೆವು. 2013ರ ಆಗಸ್ಟ್‌ನಿಂದ ಸರ್ಕಾರಿ, ಅನುದಾನಿತ ಶಾಲೆ ಮಕ್ಕಳಿಗೆ ಕೆನೆಭರಿತ ಹಾಲಿನ ಪುಡಿಯಿಂದ ಮಾಡಿದ 150 ಮಿಲಿ ಹಾಲು ಸಿಗುತ್ತಿದೆ. ಅಂಗನವಾಡಿಯಲ್ಲೂ ಇದೆ. ಹಾಗಾಗಿ ನಮ್ಮ ಕಾರ್ಡ್ ಮೊದಲು ಬಸುರಿ, ಬಾಣಂತಿ ಇರುವ ಮನೆಗೆ, ಇನ್ನೂ ಅಂಗನವಾಡಿಗೆ ಹೋಗದ ಪುಟ್ಟ ಮಕ್ಕಳಿರುವ ಮನೆಗೆ. ಏಪ್ರಿಲ್, ಮೇನಲ್ಲಿ ಶಾಲೆಗೆ ರಜ. ಶಾಲೆಯ ಹಾಲೂ ನಿಲ್ಲುತ್ತದೆ. ಆಗ ಕಾರ್ಡ್ ಜಾಸ್ತಿ ಮಾಡುತ್ತೇವೆ. ಹಾಲು ಬೇಗ ಒಡೆಯುವುದೂ ಆ ತಿಂಗಳುಗಳಲ್ಲೇ! ತಂದ ತಕ್ಷಣ ಕಾಯಿಸಿ ಅಂತ ಕಾರ್ಡ್ ಮೇಲೆಯೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೇವೆ.

ಕಟ್ಟಡ ಕೆಲಸದವರ ತಗಡಿನ ಶೆಡ್‌ಗಳಲ್ಲಿ ಕಾರ್ಡ್ ನಡೆಯುವುದಿಲ್ಲ. ಬೂತ್ ದೂರ, ಸೈಟ್ ಮುಗಿದರೆ ಜನ ಇನ್ನೆಲ್ಲಿಗೋ ಹೋಗುತ್ತಾರೆ. ಅಲ್ಲಿಗೆ ವಾರಕ್ಕೊಮ್ಮೆ ನಂದಿನಿಯದೇ ಗುಡ್‌ಲೈಫ್ ಹಾಲಿನ ಅರ್ಧ ಲೀಟರ್ ಪ್ಯಾಕೆಟ್ ಒಯ್ಯುತ್ತೇವೆ. ಬೆಲೆ ಜಾಸ್ತಿ, ಆದರೆ ಪ್ಯಾಕೆಟ್ ಕತ್ತರಿಸುವವರೆಗೆ ಫ್ರಿಜ್ ಬೇಡ. ಯಾದಗಿರಿ ಕಡೆಯ ಹೆಂಗಸೊಬ್ಬರು ಅದನ್ನು ಅಲ್ಯೂಮಿನಿಯಂ ಪಾತ್ರೆಗೆ ಸುರಿದು, ಕಾಯಿಸಿ, ಆರಿಸಿ, ಚಮಚದಿಂದ ಮೇಲೆ ಕೆದಕಿ ನೋಡಿದರು. "ಇದು ಪೌಡರ್ ಹಾಲ ಏನ್ರೀ ಅಕ್ಕಾ? ಕೆನಿ ಬರವಲ್ದು." ಅನುಮಾನ ಸಹಜ. ಈ ಹಾಲಿನ ಕೊಬ್ಬನ್ನು ಒಡೆದು ಸಣ್ಣ ಹನಿ ಮಾಡಿರುತ್ತಾರೆ, ಹಾಗಾಗಿ ದಪ್ಪ ಕೆನೆ ಮೇಲೆ ಬಂದು ಕಟ್ಟುವುದಿಲ್ಲ. 135 ಡಿಗ್ರಿಗೂ ಮೇಲೆ ಕೆಲವೇ ಸೆಕೆಂಡು ಕಾಯಿಸಿ, ಗಾಳಿಯಾಡದಂತೆ ತುಂಬಿರುತ್ತಾರೆ. ಅದಕ್ಕೇ ಬೇಗ ಕೆಡುವುದಿಲ್ಲ. ಇಷ್ಟು ಹೇಳಿ, ಒಂದು ಪ್ಯಾಕೆಟ್ ಅಲ್ಲೇ ಕತ್ತರಿಸಿ ಎಲ್ಲರಿಗೂ ಟೀ ಮಾಡಿಸಿದ ಮೇಲೆ ನಂಬಿಕೆ ಬಂತು. ಕತ್ತರಿಸಿದ ಪ್ಯಾಕೆಟ್ ಮಾತ್ರ ಮಾಮೂಲಿ ಹಾಲಿನ ಹಾಗೇ ಕೆಡುತ್ತದೆ, ಅದನ್ನು ಪ್ರತಿ ಸಲವೂ ಹೇಳಬೇಕು.

ಒಂದು ವಸ್ತುವನ್ನು ನಾವು ತಗೊಳ್ಳುವುದೇ ಇಲ್ಲ. ಎಳೆ ಮಕ್ಕಳ ಡಬ್ಬಿ ಹಾಲಿನ ಪುಡಿ. ಒಳ್ಳೆ ಮನಸ್ಸಿನಿಂದಲೇ ತಂದಿರುತ್ತಾರೆ. ಆದರೆ ಎಳೆ ಮಕ್ಕಳ ಹಾಲಿನ ಪುಡಿ, ಬಾಟಲಿ ಕುರಿತ 1992ರ ಕಾಯ್ದೆ ಪ್ರಕಾರ ಅದನ್ನು ಹೀಗೆ ದಾನವಾಗಿ ಹಂಚುವಂತಿಲ್ಲ. ಅನಾಥಾಲಯಗಳಿಗೆ ವಿನಾಯಿತಿ ಇದೆ. ಕಾಯ್ದೆ ಬಿಡಿ, ನೀರು ಸರಿಯಿಲ್ಲದ ಮನೆಯಲ್ಲಿ ಆ ಪುಡಿ ಕಲಸಿ ಬಾಟಲಿಗೆ ಹಾಕಿದರೆ ಮಗುವಿಗೆ ಭೇದಿ ಶುರುವಾಗುತ್ತದೆ. ಆರು ತಿಂಗಳವರೆಗೆ ತಾಯಿ ಹಾಲೇ ಸಾಕು. ಡಬ್ಬಿ ತಂದವರ ಮುಖ ಸಪ್ಪಗಾಗುತ್ತದೆ. "ಇದನ್ನ ಅಂಗಡಿಗೆ ವಾಪಸ್ ಕೊಡಿ ಸಾರ್, ಆ ದುಡ್ಡಲ್ಲಿ ಬಾಣಂತಿಗೆ ಒಂದು ಕಾರ್ಡ್ ಮಾಡಿಸಿ" ಅಂತೀನಿ. ಕೆಲವರು ಮಾಡಿಸುತ್ತಾರೆ, ಕೆಲವರು ಡಬ್ಬಿ ತಗೊಂಡು ಬೇರೆ ಕಡೆ ಹೋಗುತ್ತಾರೆ.