ಪೆನ್‌ಡ್ರೈವ್ ಥಟ್ಟನೆ ಕಿತ್ತರೂ ಕೆಡದಂಥ ಸಿಸ್ಟಮ್ ಕಟ್ಟುವುದು ಹೇಗೆ?

ಆಪರೇಟಿಂಗ್ ಸಿಸ್ಟಮ್ ಬರೆಯಲು ಕಲಿಯುವವರು ಹೊಸ ಸಾಧನ ಸೇರಿಸುವ ಕೋಡನ್ನು ಆಸೆಯಿಂದ ಬರೆಯುತ್ತಾರೆ. ತೆಗೆಯುವ ಕೋಡನ್ನು ಮಾತ್ರ ಕೊನೆಗೆ ತಳ್ಳುತ್ತಾರೆ. ನನ್ನ ಪ್ರಕಾರ ಕೀಳುವುದನ್ನೇ ಮೊದಲು ಯೋಚಿಸಬೇಕು. ಯಾಕೆಂದರೆ ಬಳಸುವವರು ಕೀಳುವ ಮುನ್ನ ಯಾರನ್ನೂ ಕೇಳುವುದಿಲ್ಲ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇದನ್ನು ಹೇಗೆ ಮಾಡಿದೆ ಎಂದು ನೋಡುತ್ತಾ ಹೋಗೋಣ.

ಮೊದಲ ಹೆಜ್ಜೆ, ಬಂದವರನ್ನು ಗುರುತಿಸುವುದು. ಯುಎಸ್‌ಬಿ ಪ್ಲಗ್‌ನಲ್ಲಿ ಕರೆಂಟಿನ ಪಿನ್‌ಗಳು ಡೇಟಾ ಪಿನ್‌ಗಳಿಗಿಂತ ಉದ್ದ. ಹಾಗಾಗಿ ಮೊದಲು ವಿದ್ಯುತ್ ತಗಲುತ್ತದೆ, ಆಮೇಲೆ ಮಾತುಕತೆ. ಸಂಪರ್ಕ ಸ್ಥಿರವಾಗಲು ಸುಮಾರು 100 ಮಿಲಿಸೆಕೆಂಡ್ ಕಾಯಬೇಕು. ನಂತರ ಸಾಧನವನ್ನು ರಿಸೆಟ್ ಮಾಡಿ, 1ರಿಂದ 127ರೊಳಗೆ ಒಂದು ವಿಳಾಸ ಕೊಟ್ಟು, ಅದರ 18 ಬೈಟ್‌ಗಳ ವಿವರ ಓದಬೇಕು. ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ ಎರಡೂ ಅದರಲ್ಲಿರುತ್ತವೆ.

ಎರಡನೆಯದು ಡ್ರೈವರ್, ಅಂದರೆ ಸಾಧನವನ್ನು ನಡೆಸುವ ಕೋಡ್, ಜೋಡಿಸುವುದು. ಡ್ರೈವರ್ ತಾನೇ ಸಾಧನ ಹುಡುಕಿಕೊಂಡು ಹೋಗಬಾರದು. ‘ನಾನು ಇಂಥವನ್ನು ನೋಡಿಕೊಳ್ಳಬಲ್ಲೆ’ ಎಂಬ ಪಟ್ಟಿ ಕೊಟ್ಟು ಸುಮ್ನೆ ಇರಬೇಕು. ಹೊಂದುವ ಸಾಧನ ಬಂದಾಗ ಕರ್ನೆಲ್ (ಸಿಸ್ಟಮ್‌ನ ತಿರುಳು) ಆ ಡ್ರೈವರ್‌ನ, ಸಾಧನವನ್ನು ವಹಿಸಿಕೊಳ್ಳುವ ‘ಪ್ರೋಬ್’ ಫಂಕ್ಷನ್ ಕರೆಯುತ್ತದೆ.

ಹೆಸರು, ಅನುಮತಿಗಳ ತೀರ್ಮಾನವನ್ನು ಕರ್ನೆಲ್‌ನ ಹೊರಗೇ ಇಡಿ. ಲಿನಕ್ಸ್‌ನಲ್ಲಿ ಯುಡೆವ್ ಎಂಬ ಪ್ರೋಗ್ರಾಮ್ ಈ ಕೆಲಸ ಮಾಡುತ್ತದೆ. ಇವತ್ತು ಎಸ್‌ಡಿಬಿ ಎಂಬ ಹೆಸರಿನಲ್ಲಿದ್ದ ಡಿಸ್ಕ್ ನಾಳೆ ಎಸ್‌ಡಿಸಿ ಆಗಬಹುದು. ಆದ್ದರಿಂದ ಯುಯುಐಡಿಯಂಥ (ಡಿಸ್ಕ್‌ನಲ್ಲೇ ಬರೆದಿರುವ ಉದ್ದನೆಯ ಗುರುತುಸಂಖ್ಯೆ) ಬದಲಾಗದ ಗುರುತೂ ಬೇಕು.

ಇನ್ನು ಕೀಳುವ ವಿಷಯ. ಫೈಲ್ ಕಾಪಿ ಮುಗಿಯಿತು ಎಂದು ಪರದೆ ಹೇಳಿದರೂ ಡೇಟಾ ಇನ್ನೂ ರ್‍ಯಾಮ್‌ನಲ್ಲೇ ಇರಬಹುದು. ಲಿನಕ್ಸ್‌ನ ಮಾಮೂಲಿ ಹೊಂದಿಕೆಯಲ್ಲಿ ಬದಲಾದ ಪುಟಗಳು (ಮೆಮೊರಿಯ ತುಣುಕುಗಳು) 30 ಸೆಕೆಂಡ್‌ವರೆಗೆ ಹಾಗೇ ಕೂರಬಹುದು. ಅನ್‌ಮೌಂಟ್ ಮಾಡಿದಾಗ, ಅಂದರೆ ಕೀಳುವ ಮುನ್ನ ಡಿಸ್ಕನ್ನು ಸಿಸ್ಟಮ್‌ನಿಂದ ಬಿಡಿಸಿದಾಗ, ಉಳಿದದ್ದೆಲ್ಲ ಡಿಸ್ಕ್‌ಗೆ ಹೋಗುತ್ತದೆ. ವಿಂಡೋಸ್ 10 ತನ್ನ 1809 ಆವೃತ್ತಿಯಿಂದ ಪೆನ್‌ಡ್ರೈವ್‌ಗಳಿಗೆ ‘ಬೇಗ ತೆಗೆಯುವ’ ಆಯ್ಕೆಯನ್ನೇ (ಡೇಟಾವನ್ನು ಹಿಡಿದಿಡದೆ ಆಗಲೇ ಬರೆಯುವುದು) ಮಾಮೂಲಿ ಮಾಡಿತು. ಬರೆಯುವ ವೇಗ ಸ್ವಲ್ಪ ತಗ್ಗಬಹುದು, ಡೇಟಾ ಉಳಿಯುವ ಸಾಧ್ಯತೆ ಜಾಸ್ತಿ. ಒಳ್ಳೆಯ ನಿರ್ಧಾರ.

ಅನ್‌ಮೌಂಟ್ ಆಗದಿದ್ದರೆ ಬರೀ ‘ಸಾಧನ ಬಳಕೆಯಲ್ಲಿದೆ’ ಎಂದರೆ ಸಾಲದು. ಯಾವ ಪ್ರೋಗ್ರಾಮ್ ಹಿಡಿದುಕೊಂಡಿದೆ ಎಂದು ಹೆಸರು ಹೇಳಬೇಕು. ‘ಫ್ಯೂಸರ್’ ಕಮಾಂಡ್‌ಗೆ ಅದು ಗೊತ್ತಾಗುತ್ತದೆ ಎಂದಮೇಲೆ ಪರದೆ ಮೇಲೆ ತೋರಿಸಲು ಏನು ಕಷ್ಟ, ಅಲ್ವಾ?

ಹೇಳದೆ ಕಿತ್ತರೆ? ಕರ್ನೆಲ್ ಡ್ರೈವರ್‌ನ ‘ಡಿಸ್‌ಕನೆಕ್ಟ್’ ಫಂಕ್ಷನ್ ಕರೆಯುತ್ತದೆ. ಹೊಸಬರು ಎಡವುವುದು ಇಲ್ಲೇ. ಸಾಧನ ಹೋಯಿತೆಂದು ಅದರ ಮೆಮೊರಿಯನ್ನು ಆಗಲೇ ಬಿಡುಗಡೆ ಮಾಡಿಬಿಡುತ್ತಾರೆ. ಆದರೆ ಯಾವುದೋ ಪ್ರೋಗ್ರಾಮ್ ಆ ಸಾಧನವನ್ನು ಇನ್ನೂ ತೆರೆದಿಟ್ಟುಕೊಂಡಿರುತ್ತದೆ. ಅದು ಮುಂದಿನ ಸಲ ಓದಲು ಬಂದಾಗ ಕರ್ನೆಲ್ ಕುಸಿಯಬಹುದು. ಸರಿಯಾದ ಕ್ರಮ ಹೀಗೆ: ಮೊದಲು ಲಾಕ್ (ಒಮ್ಮೆಗೆ ಒಬ್ಬರೇ ಬದಲಿಸುವಂತೆ ತಡೆಯುವ ಬೀಗ) ಹಿಡಿದು ‘ಹೋಗಿದೆ’ ಎಂಬ ಗುರುತು ಹಾಕಿ. ಬಾಕಿ ಇರುವ ಕೋರಿಕೆಗಳನ್ನೆಲ್ಲ ದೋಷದೊಂದಿಗೆ ಹಿಂದಿರುಗಿಸಿ. ಹೊಸದಾಗಿ ಬಂದವರಿಗೆ ‘ಸಾಧನ ಇಲ್ಲ’ ಎನ್ನಿ. ಎಷ್ಟು ಮಂದಿ ಹಿಡಿದಿದ್ದಾರೆ ಎಂಬ ಎಣಿಕೆ ಸೊನ್ನೆಯಾದ ಮೇಲಷ್ಟೇ ಮೆಮೊರಿ ಬಿಡಿ.

ಪರೀಕ್ಷೆಗೆ ನಿಜವಾದ ಪೆನ್‌ಡ್ರೈವ್ ಹಾಳುಮಾಡಬೇಕಿಲ್ಲ. ಕ್ಯೂಎಮು (ಕಂಪ್ಯೂಟರನ್ನೇ ಅನುಕರಿಸುವ ಸಾಫ್ಟ್‌ವೇರ್) ಎಂಬುದರ ಆಜ್ಞೆ ಕೊಡುವ ಮಾನಿಟರ್‌ನಲ್ಲಿ ‘ಡಿವೈಸ್_ಆ್ಯಡ್’ ಕೊಟ್ಟು ಯುಎಸ್‌ಬಿ ಡಿಸ್ಕ್ ಸೇರಿಸಿ, ದೊಡ್ಡ ಫೈಲ್ ಬರೆಯಲು ಬಿಟ್ಟು, ನಡುವೆಯೇ ‘ಡಿವೈಸ್_ಡೆಲ್’ ಕೊಡಿ. ಇದನ್ನು ಲೂಪ್‌ನಲ್ಲಿ ಹಾಕಿ ರಾತ್ರಿಯಿಡೀ ಓಡಿಸಿ. ಸಮಯಕ್ಕೆ ಸಂಬಂಧಿಸಿದ ದೋಷಗಳು ಒಂದೆರಡು ಸಲಕ್ಕೆಲ್ಲ ಸಿಕ್ಕಿಬೀಳುವುದಿಲ್ಲ.