ಮಸಾಲೆ ಪುಡಿ ಪ್ಯಾಕಿಂಗ್: ತಕ್ಕಡಿ ಮೊದಲು, ಮಷಿನ್ ಆಮೇಲೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕಷಾಯ ಪುಡಿ, ಸಾಂಬಾರ್ ಪುಡಿ, ಅರಿಶಿನ ಪುಡಿ ಮಾಡಿ ಮಾರುವ ಮನೆಗಳೂ ಸ್ವಸಹಾಯ ಸಂಘಗಳೂ ಬಹಳ ಇವೆ. ಹುರಿಯುವುದು, ಬೀಸುವುದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೈ ಸೋಲುವುದು ಪ್ಯಾಕ್ ಮಾಡುವಾಗ. 100 ಗ್ರಾಂ ಪ್ಯಾಕೆಟ್ ಎಂದು ಚಮಚದಲ್ಲಿ ತುಂಬಿ ತಕ್ಕಡಿಯ ಮೇಲಿಟ್ಟರೆ 97 ತೋರಿಸುತ್ತದೆ, ಇನ್ನೊಂದು ಚಮಚ ಹಾಕಿದರೆ 102, ಮತ್ತೆ ತೆಗೆಯಬೇಕು. ಹೀಗೆ ನೂರು ಪ್ಯಾಕೆಟ್ ಮುಗಿಸುವಷ್ಟರಲ್ಲಿ ಸೊಂಟ ಹಿಡಿದಿರುತ್ತದೆ. ಆಗಲೇ ಪುಡಿ ತುಂಬುವ ಮಷಿನ್ ಕೊಳ್ಳುವ ಯೋಚನೆ ಬರುವುದು.

ಮಷಿನ್ ನೋಡಲು ಹೋಗುವ ಮೊದಲು ಒಳ್ಳೆಯ ತಕ್ಕಡಿಗೆ ದುಡ್ಡು ತೆಗೆದಿಡಿ. ಮಷಿನ್ ಸರಿಯಾಗಿ ತುಂಬುತ್ತಿದೆಯೋ ಇಲ್ಲವೋ ಎಂದು ಹೇಳುವುದೇ ತಕ್ಕಡಿ. ಅದೇ ತಪ್ಪಿದರೆ ಎಷ್ಟು ದುಬಾರಿ ಮಷಿನ್ ತಂದರೂ ಪ್ರಯೋಜನವಿಲ್ಲ.

ತಕ್ಕಡಿ ಕೊಳ್ಳುವಾಗ ಮೊದಲು ಅದರ ಮೈಮೇಲಿನ ಫಲಕ ಓದಿ. ಅಲ್ಲಿ ಮ್ಯಾಕ್ಸ್ (ಗರಿಷ್ಠ ತೂಕ), ಮಿನ್ (ಕನಿಷ್ಠ ತೂಕ), ‘ಇ’ (ಸರಕಾರ ಒಪ್ಪುವ ಅತಿ ಸಣ್ಣ ತೂಕದ ಹೆಜ್ಜೆ) ಎಂಬ ಮೂರು ಅಂಕಿಗಳೂ ನಿಖರತೆಯ ದರ್ಜೆಯೂ ಇರುತ್ತವೆ. ವ್ಯಾಪಾರದ ತಕ್ಕಡಿಗಳು ಸಾಮಾನ್ಯವಾಗಿ ಮೂರನೇ ದರ್ಜೆಯವು. ಎಲ್ಲರೂ ನೋಡುವುದು ಮ್ಯಾಕ್ಸ್ ಒಂದನ್ನೇ, ಆದರೆ ನಮ್ಮ ಕೆಲಸಕ್ಕೆ ಮುಖ್ಯವಾದದ್ದು ‘ಇ’. ಕಿರಾಣಿ ಅಂಗಡಿಯ 30 ಕಿಲೋ ತಕ್ಕಡಿಯಲ್ಲಿ ‘ಇ’ ಸಾಮಾನ್ಯವಾಗಿ 5 ಗ್ರಾಂ. ಮೂರನೇ ದರ್ಜೆಯಲ್ಲಿ ‘ಇ’ಯ ಇಪ್ಪತ್ತು ಪಟ್ಟಿಗಿಂತ ಕಡಿಮೆ ತೂಗುವಂತಿಲ್ಲ, ಅಂದರೆ ಅದರ ಕನಿಷ್ಠ ತೂಕವೇ 100 ಗ್ರಾಂ. ಅಕ್ಕಿ, ಬೆಲ್ಲಕ್ಕೆ ಅದು ಸಾಕು. 50 ಗ್ರಾಂ ಕಷಾಯ ಪುಡಿಗೆ ಅದನ್ನು ಮುಟ್ಟಲೇಬಾರದು. 50, 100, 250 ಗ್ರಾಂ ಪ್ಯಾಕೆಟ್‌ಗಳಿಗೆ ‘ಇ’ 1 ಗ್ರಾಂ ಅಥವಾ ಅರ್ಧ ಗ್ರಾಂ ಇರುವ ಸಣ್ಣ ತಕ್ಕಡಿ ತಕ್ಕದ್ದು. 10 ಗ್ರಾಂ ಏಲಕ್ಕಿಯಂಥ ಬೆಲೆಬಾಳುವ ಸರಕಿಗೆ 0.1 ಗ್ರಾಮಿನದೇ ಬೇಕು. ಪರದೆ ಮೇಲೆ ಎರಡು ದಶಾಂಶ ಕಂಡಿತೆಂದು ನಂಬಬೇಡಿ. ತೋರಿಸುವ ಅಂಕಿ ಬೇರೆ, ಸರಕಾರ ಒಪ್ಪುವ ನಿಖರತೆ ಬೇರೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಅಡುಗೆಮನೆ ತಕ್ಕಡಿಯಲ್ಲಿ ಈ ಫಲಕವೂ ಇಲ್ಲ, ಸರಕಾರದ ಮುದ್ರೆಯೂ ಇಲ್ಲ. ಮಾರಾಟದ ಸರಕನ್ನು ಅದರಲ್ಲಿ ತೂಗುವಂತಿಲ್ಲ.

ಅಂಗಡಿಯಲ್ಲೇ ನಾಲ್ಕು ಪರೀಕ್ಷೆ ಮಾಡಿ ನೋಡಿ, ಸಂಕೋಚ ಬೇಡ. 200 ಗ್ರಾಮಿನ ಬಟ್ಟನ್ನು ತಟ್ಟೆಯ ನಾಲ್ಕೂ ಮೂಲೆಯಲ್ಲಿ ಇಟ್ಟು ನೋಡಿ, ಅಂಕಿ ಬದಲಾಗಬಾರದು. ಅದೇ ಬಟ್ಟನ್ನು ಹತ್ತು ಸಲ ಎತ್ತಿ ಇಡಿ. ಆಮೇಲೆ ಹತ್ತು ನಿಮಿಷ ಹಾಗೇ ಬಿಟ್ಟು, ಅಂಕಿ ನಿಧಾನವಾಗಿ ಜಾರುತ್ತದೆಯೇ ಗಮನಿಸಿ. ನಾಲ್ಕನೆಯದು ಹೆಚ್ಚಿನವರಿಗೆ ಹೊಳೆಯುವುದಿಲ್ಲ, ಪುಡಿಯವರಿಗೆ ಮಾತ್ರ ಅದೇ ದೊಡ್ಡದು. ಖಾಲಿ ಬಟ್ಟಲಿಟ್ಟು ಸೊನ್ನೆ ಮಾಡಿ, ಅದಕ್ಕೆ ಚಿಟಿಕೆ ಚಿಟಿಕೆಯಾಗಿ ಪುಡಿ ಉದುರಿಸುತ್ತಾ ಬನ್ನಿ. ಕೆಲವು ತಕ್ಕಡಿಗಳು ಸೊನ್ನೆಯ ಹತ್ತಿರದ ಸಣ್ಣ ಏರಿಕೆಯನ್ನು ಗಾಳಿಯದೋ ಧೂಳಿನದೋ ಎಂದು ಎಣಿಸಿ ತಾವೇ ಮತ್ತೆ ಸೊನ್ನೆಗೆ ಎಳೆದುಕೊಳ್ಳುತ್ತವೆ. ನೀವು ಮೂರು ಗ್ರಾಂ ಹಾಕಿರುತ್ತೀರಿ, ಪರದೆ ಒಂದೇ ಎನ್ನುತ್ತದೆ. ಅದಕ್ಕೇ ಮೊದಲಿಗೆ ದೊಡ್ಡ ಚಮಚದಲ್ಲಿ ಒಮ್ಮೆಗೇ ಹಾಕಿ, ಚಿಟಿಕೆಯನ್ನು ಕೊನೆಗೆ ಇಟ್ಟುಕೊಳ್ಳಬೇಕು.

ಮನೆಗೆ ತಂದ ಮೇಲೆ ಗಟ್ಟಿ ಮೇಜಿನ ಮೇಲೆ ಮಟ್ಟವಾಗಿ ಇಡಿ, ಫ್ಯಾನ್ ಆರಿಸಿ, ಕಾಲು ಗಂಟೆ ಮೊದಲೇ ಸ್ವಿಚ್ ಹಾಕಿ ಬಿಡಿ. ಒಳಗಿನ ಲೋಡ್ ಸೆಲ್, ಅಂದರೆ ತೂಕ ಅಳೆಯುವ ಭಾಗ, ಬಿಸಿ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು. ದೂರದೂರಿನಿಂದ ತರಿಸಿದ ತಕ್ಕಡಿಯಾದರೆ ಇಲ್ಲಿಯೇ ಬಟ್ಟಿಟ್ಟು ಹೊಂದಿಸಬೇಕು. ಭೂಮಿಯ ಎಳೆತ ಎಲ್ಲ ಕಡೆ ಒಂದೇ ಅಲ್ಲ, ದೆಹಲಿಯಲ್ಲಿ ಹೊಂದಿಸಿದ ತಕ್ಕಡಿ ಶಿರಸಿಯಲ್ಲಿ ಕಿಲೋಗೆ ಹೆಚ್ಚುಕಡಿಮೆ ಒಂದು ಗ್ರಾಂ ಕಡಿಮೆ ತೋರಿಸುತ್ತದೆ.

ಇನ್ನು ಮಷಿನ್. ಮೇಜಿನ ಮೇಲಿಡುವ ಸಣ್ಣವು ಎರಡು ಬಗೆ. ಒಂದು ನಡುಗುತ್ತಾ ಸುರಿಯುವುದು, ಅದರೊಳಗೇ ತೂಕದ ಸೆಲ್ ಇರುತ್ತದೆ. ಇನ್ನೊಂದು ಆಗರ್, ಅಂದರೆ ತಿರುಪಿನ ಸುತ್ತು ಎಣಿಸಿ ಪುಡಿ ಬಿಡುವಂಥದ್ದು. ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಬೀಜಕ್ಕೆ ಮೊದಲನೆಯದು ಚೆನ್ನ. ನುಣ್ಣಗಿನ ಅರಿಶಿನ ಅದರಲ್ಲಿ ಮುದ್ದೆಗಟ್ಟಿ ನಿಂತು, ಆಮೇಲೆ ಒಮ್ಮೆಲೇ ಬೀಳುತ್ತದೆ. ಅಂಥದ್ದಕ್ಕೆ ಆಗರ್ ಒಳ್ಳೆಯದು. ಆದರೆ ಆಗರ್ ಅಳೆಯುವುದು ಗಾತ್ರವನ್ನು, ತೂಕವನ್ನಲ್ಲ. ಹಾಪರ್, ಅಂದರೆ ಮೇಲೆ ಪುಡಿ ಸುರಿಯುವ ಪಾತ್ರೆ, ತುಂಬಿದ್ದಾಗ ಪುಡಿ ಒತ್ತಿಕೊಂಡು ಹೆಚ್ಚು ಬೀಳುತ್ತದೆ, ತಳ ಕಂಡಾಗ ಕಡಿಮೆ. ಆದ್ದರಿಂದ ಹಾಪರ್ ಯಾವಾಗಲೂ ಅರ್ಧಕ್ಕಿಂತ ಮೇಲೇ ಇರಲಿ, ಹತ್ತು ಪ್ಯಾಕೆಟ್‌ಗೊಂದನ್ನಾದರೂ ತಕ್ಕಡಿಗೆ ಹಾಕಿ ನೋಡಿ.

ತೂಗಿ ಸುರಿಯುವ ಮಷಿನ್ ಆದರೆ ಎರಡು ವೇಗ ಇದೆಯೇ ಕೇಳಿ. ಮೊದಲು ಜೋರಾಗಿ ಸುರಿದು, ಕೊನೆಯ ಐದಾರು ಗ್ರಾಂ ತೊಟ್ಟಿಕ್ಕುವ ಹಾಗೆ ಬಿಡಬೇಕು. ಬಾಯಿ ಮುಚ್ಚಿದ ಕ್ಷಣದಲ್ಲಿ ಗಾಳಿಯಲ್ಲಿರುವ ಪುಡಿಯೂ ಪ್ಯಾಕೆಟ್ಟಿಗೇ ಬೀಳುತ್ತದಲ್ಲ! ಒಂದೇ ವೇಗದ್ದಾದರೆ 100ಕ್ಕೆ ನಿಲ್ಲಿಸಿದ್ದು 103 ಆಗುತ್ತದೆ. ಸಾವಿರ ಪ್ಯಾಕೆಟ್‌ಗೆ ಮೂರು ಕಿಲೋ ಪುಡಿ ಪುಕ್ಕಟೆ ಹೋಯಿತು.

ಕೊಳ್ಳುವ ಮೊದಲು ನಿಮ್ಮದೇ ಪುಡಿ ಎರಡು ಕಿಲೋ ಹಿಡಿದುಕೊಂಡು ಹೋಗಿ. ಮಾರುವವರು ಸಕ್ಕರೆ ಹಾಕಿ ತೋರಿಸಿದರೆ ಒಪ್ಪಬೇಡಿ, ಸಕ್ಕರೆ ಯಾವ ಮಷಿನ್ನಿನಲ್ಲೂ ಚೆಂದ ಇಳಿಯುತ್ತದೆ. ಕೊಬ್ಬರಿ ಹಾಕಿದ ಚಟ್ನಿಪುಡಿ ಎಣ್ಣೆ ಅಂಶದಿಂದ ಹಾಪರ್ ಒಳಗೆ ಕೆಳಗಿಳಿಯದೆ ಕಮಾನು ಕಟ್ಟಿ ನಿಲ್ಲುತ್ತದೆ. ಒಳಗೆ ಕಲಕುವ ಕಡ್ಡಿ ಇಲ್ಲದ ಮಷಿನ್ ಅದಕ್ಕೆ ಆಗುವುದಿಲ್ಲ. ಪುಡಿ ತಾಗುವ ಭಾಗಗಳು ಸ್ಟೀಲಿನವಾಗಿರಲಿ, ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ಬಿಚ್ಚಿ ತೊಳೆಯುವಂತಿರಲಿ. ಅರಿಶಿನ ತುಂಬಿದ ಹಾಪರಿಗೇ ಕಷಾಯ ಪುಡಿ ಸುರಿದರೆ ಬಣ್ಣವೂ ಹೋಯಿತು, ಘಮವೂ ಹೋಯಿತು.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಮಟಾ, ಹೊನ್ನಾವರ, ಕಾರವಾರದ ಕರಾವಳಿಯಲ್ಲಿ ತೆರೆದಿಟ್ಟ ಪುಡಿ ಗಂಟೆಯೊಳಗೆ ತೇವ ಎಳೆದುಕೊಳ್ಳುತ್ತದೆ, ಘಟ್ಟದ ಮೇಲೂ ಹೆಚ್ಚು ವ್ಯತ್ಯಾಸವಿಲ್ಲ. ಬೇಸಿಗೆಯಲ್ಲಿ ಹೊಂದಿಸಿದ ಆಗರ್ ಸುತ್ತು ಆಗ ನಡೆಯದು, ಹೊಸದಾಗಿ ಹೊಂದಿಸಬೇಕು. ಬೀಸಿದ ಬಿಸಿ ಪುಡಿಯನ್ನು ಪೂರ್ತಿ ಆರಿಸಿಯೇ ತುಂಬಿ. ಕರೆಂಟು ಏರಿಳಿಯುವ ಊರಾದರೆ ತಕ್ಕಡಿಗೆ ಒಳಗಡೆ ಬ್ಯಾಟರಿ ಇರಲಿ, ಮಷಿನ್ನಿಗೆ ಸ್ಟೆಬಿಲೈಸರ್ ಇರಲಿ.

ಕಾನೂನು ಎಷ್ಟು ವ್ಯತ್ಯಾಸ ಸಹಿಸುತ್ತದೆ ಎಂಬುದೂ ಗೊತ್ತಿರಲಿ. 2011ರ ಪ್ಯಾಕೇಜ್ ಸರಕುಗಳ ನಿಯಮದ ಪ್ರಕಾರ 50 ಗ್ರಾಂವರೆಗೆ ಶೇ 9, 100 ಗ್ರಾಮಿಗೆ 4.5 ಗ್ರಾಂ, 250 ಗ್ರಾಮಿಗೆ 9 ಗ್ರಾಂ. ಹಾಗೆಂದು ಪ್ರತಿ ಪ್ಯಾಕೆಟ್‌ನಲ್ಲೂ ನಾಲ್ಕು ಗ್ರಾಂ ಕಡಿಮೆ ಹಾಕಲು ಅದು ಪರವಾನಗಿಯಲ್ಲ. ತಪಾಸಣೆಯಲ್ಲಿ ಪ್ಯಾಕೆಟ್‌ಗಳ ಸರಾಸರಿ ಮುದ್ರಿಸಿದ ತೂಕಕ್ಕಿಂತ ಕಡಿಮೆ ಇರಬಾರದು. ಖಾಲಿ ಪೌಚಿನ ತೂಕ ಇದರಲ್ಲಿ ಸೇರುವುದಿಲ್ಲ, ಹೊಸ ಬಂಡಲ್ ಬಿಚ್ಚಿದಾಗಲೆಲ್ಲ ಪೌಚ್ ತೂಗಿ ಸೊನ್ನೆ ಮಾಡಿಕೊಳ್ಳಿ.

ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಪ್ರತಿ 12 ತಿಂಗಳಿಗೊಮ್ಮೆ ಆಗಬೇಕು. ಕೊಳ್ಳುವಾಗಲೇ ಮುದ್ರೆಯ ಪ್ರಮಾಣಪತ್ರ ಕೇಳಿ ಪಡೆದು, ಬಿಲ್ ಜೊತೆ ಇಟ್ಟುಕೊಳ್ಳಿ. ರಿಪೇರಿಗೆ ಸೀಲ್ ಒಡೆದರೆ ವರ್ಷ ತುಂಬದಿದ್ದರೂ ಮತ್ತೆ ಮುದ್ರೆ ಹಾಕಿಸಬೇಕು. ರಿಪೇರಿಯವರು ಶಿರಸಿಗೋ ಕುಮಟಾಕ್ಕೋ ಬರುತ್ತಾರೋ, ಹುಬ್ಬಳ್ಳಿಗೇ ಹೊತ್ತುಕೊಂಡು ಹೋಗಬೇಕೋ ಎಂಬುದನ್ನೂ ದುಡ್ಡು ಕೊಡುವ ಮೊದಲೇ ಕೇಳಿ ಬರೆಸಿಕೊಳ್ಳಿ.